ಯಾವ ತಿಂಗಳ ಕುಮಾರಧಾರೆ?

ಹೋದ ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದಾಗ ಅಂಗಳದಲ್ಲಿ ಒಣಹಾಕಿದ ಅಡಿಕೆಯ ಪಕ್ಕ ಕೂತು ಮೊಬೈಲ್‌ನಲ್ಲಿ ಕಯಾಕ್ ನೋಡ್ತಾ ಇದ್ದೆ. ಬೆಂಗಳೂರಿನ ಆಫೀಸಿನ ನಾಲ್ಕು ಜನ ಸೇರಿ ಒಂದೊಂದು ಕೊಳ್ಳೋಣ ಅಂತ ಮಾತಾಡಿಕೊಂಡಿದ್ದೆವು. ದೊಡ್ಡಪ್ಪ ಹಿಂದಿನಿಂದ ಇಣುಕಿದರು.

“ಎಂತ ಮಾರಾಯ ಅದು, ಬಾಳೆದಿಂಡಿನ ಹಾಗೆ ಉಂಟಲ್ಲ?”

“ಕಯಾಕ್ ದೊಡ್ಡಪ್ಪ. ದೋಣಿ. ನಮ್ಮ ಕುಮಾರಧಾರೆಯಲ್ಲಿ ಬಿಡ್ಲಿಕ್ಕೆ.”

“ಯಾವ ತಿಂಗಳ ಕುಮಾರಧಾರೆಯಲ್ಲಿ?”

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಣ್ಣ, ಬೆಲೆ, ತೂಕ ಎಲ್ಲ ನೋಡಿದ್ದೆ. ಹೊಳೆಯನ್ನು ಮಾತ್ರ ನೋಡಿರಲಿಲ್ಲ. ಆಮೇಲೆ ಮೂರು ತಿಂಗಳು ಕಯಾಕ್ ಬದಿಗಿಟ್ಟು ನಮ್ಮೂರಿನವರು ಹೊಳೆ ದಾಟಿದ ಕತೆಯನ್ನೇ ಹುಡುಕಿದೆ. ಏನು ಕೊಳ್ಳಬೇಕು ಅನ್ನುವುದಕ್ಕೂ ಉತ್ತರ ಅಲ್ಲೇ ಸಿಕ್ಕಿತು.

ಪುತ್ತೂರು, ಸುಳ್ಯ, ಕಡಬ ಅಂದರೆ ಮೂಲತಃ ಹೊಳೆಗಳ ನಡುವೆ ಸಿಕ್ಕಿಕೊಂಡ ಊರುಗಳು. ಕುಮಾರಪರ್ವತದ ಕಡೆಯಿಂದ ಇಳಿಯುವ ಕುಮಾರಧಾರೆ ಸುಬ್ರಹ್ಮಣ್ಯ ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಸುಳ್ಯದ ಪಯಸ್ವಿನಿ ಇನ್ನೊಂದು ದಿಕ್ಕಿಗೆ, ಕಾಸರಗೋಡಿನ ಕಡೆಗೆ ಹೋಗಿ ಚಂದ್ರಗಿರಿಯಾಗುತ್ತದೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಹಾಗಾಗಿ ಇಲ್ಲಿ ಒಂದೇ ಹೆಸರಿನಲ್ಲಿ ಎರಡೆರಡು ಹೊಳೆಗಳಿವೆ. ಆಟಿ ತಿಂಗಳಲ್ಲಿ ಕೆಂಪಗೆ ಮರ ಹೊತ್ತು ಬರುವುದು ಒಂದು. ಮಾರ್ಚ್‌ನಲ್ಲಿ ಕಲ್ಲು ಎಣಿಸಬಹುದಾದದ್ದು ಇನ್ನೊಂದು.

ಉಪ್ಪಿನಂಗಡಿಯ ಹೆಸರಲ್ಲೇ ಉಪ್ಪು ಇದೆ, ಅಂಗಡಿ ಇದೆ. ಕರಾವಳಿಯ ಉಪ್ಪು ಘಟ್ಟದ ಬುಡಕ್ಕೆ ಬಂದು ಮಾರಾಟವಾಗುತ್ತಿದ್ದ ಜಾಗ ಅಂತ ಊರವರು ಹೇಳುತ್ತಾರೆ. ಬ್ರಿಟಿಷರ ಕಾಲದಲ್ಲಿ ಇಡೀ ತಾಲೂಕಿನ ಹೆಸರೇ ಉಪ್ಪಿನಂಗಡಿ, ಆದರೆ ಕಚೇರಿ ಇದ್ದದ್ದು ಪುತ್ತೂರಿನಲ್ಲಿ. 1923ರಲ್ಲೂ 1974ರಲ್ಲೂ ನೇತ್ರಾವತಿ ಉಕ್ಕಿದ್ದನ್ನು ಈ ಕಡೆಯ ಮನೆಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಮದುವೆ, ಮಕ್ಕಳು ಹುಟ್ಟಿದ ವರ್ಷಗಳನ್ನೇ “ನೆರೆ ಬಂದ ವರ್ಷ” ಅಂತ ಲೆಕ್ಕ ಇಟ್ಟವರಿದ್ದರು.

ಹೊಳೆ ದಾಟುವುದು ರಾಜಕೀಯವೂ ಆಗಿತ್ತು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪೆನಿ ಸರಕಾರ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯತನಕ ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಿ ಅಂದಾಗ ರೈತರು ಸಿಟ್ಟಿಗೆದ್ದರು. 1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಬೆಳ್ಳಾರೆಯ ಖಜಾನೆ ವಶವಾಯಿತು. ದಂಡು ಪುತ್ತೂರು, ಪಾಣೆಮಂಗಳೂರು ದಾಟಿ ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರು ಸೇರಿ ಬಾವುಟಗುಡ್ಡೆಯಲ್ಲಿ ಬ್ರಿಟಿಷ್ ಬಾವುಟ ಇಳಿಸಿತು. ಹದಿಮೂರು ದಿನದ ಆಡಳಿತ ಅಂತ ಜನ ನೆನೆಯುವುದು ಅದನ್ನೇ. ನಕ್ಷೆ ತೆಗೆದು ನೋಡಿ: ಪಾಣೆಮಂಗಳೂರಿನಿಂದ ಬಂಟ್ವಾಳಕ್ಕೆ ಹೋಗಬೇಕಾದರೆ ನೇತ್ರಾವತಿ ದಾಟಲೇಬೇಕು. ಅದು ಏಪ್ರಿಲ್‌ನ ಸೊರಗಿದ ಹೊಳೆ. ಜುಲೈ ಆಗಿದ್ದರೆ ಅದೇ ಜನ, ಅದೇ ಸಿಟ್ಟು, ಆಚೆ ದಡ ಮಾತ್ರ ಸುಲಭವಾಗಿ ಸಿಗುತ್ತಿರಲಿಲ್ಲ.

ಸೇತುವೆ ಇಲ್ಲದ ಕಡೆ ಕಡವು ಇತ್ತು. ಮದ್ರಾಸ್ ಪ್ರಾಂತ್ಯದಲ್ಲಿ ಕಾಲುವೆ ಮತ್ತು ಸಾರ್ವಜನಿಕ ಕಡವುಗಳಿಗೆಂದೇ 1890ರಲ್ಲಿ ಕಾಯ್ದೆ ಬಂತು. ಅಂದರೆ ದೋಣಿ ದಾಟಿಸುವುದು ಸರಕಾರ ಲೆಕ್ಕ ಇಡುವಷ್ಟು ದೊಡ್ಡ ವ್ಯವಹಾರ. ದೋಣಿಗೆ ಹೆಬ್ಬಲಸಿನಂಥ ನೀರು ತಡೆಯುವ ಮರ, ಮೈಗೆ ಬಳಿಯಲು ಗೇರುಬೀಜದ ಸಿಪ್ಪೆಯ ಎಣ್ಣೆ. ಆಳ ಕಡಿಮೆ ಇದ್ದಲ್ಲಿ ಹುಟ್ಟು ಹಾಕುತ್ತಿರಲಿಲ್ಲ, ಉದ್ದ ಬಿದಿರಿನ ಗಳ ಊರಿ ತಳ್ಳುತ್ತಿದ್ದರು. ಅದೇ ಕರ್ನಾಟಕದ ಇನ್ನೊಂದು ತುದಿಯಲ್ಲಿ, ಆನೆಗೊಂದಿಯ ಹತ್ತಿರ, ಬುಟ್ಟಿಯಂಥ ದುಂಡಗಿನ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಬೆತ್ತದಿಂದ ಹೆಣೆದು ಚರ್ಮ ಹೊದಿಸಿದ ಆ ದೋಣಿಯಲ್ಲಿ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರು ಅಂತ ಬರೆದಿದ್ದಾನೆ. ಬಂಡೆಗಳ ನಡುವೆ ತಿರುಗುವ ತುಂಗಭದ್ರೆಗೆ ಹರಿಗೋಲು, ನಮ್ಮಲ್ಲಿಗೆ ಉದ್ದನೆಯ ದೋಣಿ. ಯಾರೂ ಫ್ಯಾಷನ್‌ಗೆ ಆರಿಸಿದ್ದಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ದೊಡ್ಡಪ್ಪ ನಮ್ಮ ಮನೆಯದ್ದೇ ಒಂದು ಕತೆ ಹೇಳಿದರು. ನಾನು ಮೊದಲು ಕೇಳಿರಲಿಲ್ಲ. ಅವರಿಗೆ ಒಬ್ಬಳು ತಂಗಿ ಇದ್ದಳಂತೆ. ನಾಲ್ಕು ವರ್ಷ. ಆಟಿಯಲ್ಲಿ ಜ್ವರ ಬಂತು. ಅಜ್ಜ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕಡವಿಗೆ ಹೋದರೆ ಅಂಬಿಗ ದೋಣಿಯನ್ನು ಮರಕ್ಕೆ ಕಟ್ಟಿ ಕೂತಿದ್ದ. “ಇವತ್ತು ಆಗುವುದಿಲ್ಲ ಧಣಿ” ಅಂದ. ಅಜ್ಜ ಬೇಡಿಕೊಂಡರು, ಬೈದರು. ಅವನು ಏಳಲಿಲ್ಲ. ಮೂರನೇ ದಿನ ನೀರು ಇಳಿಯಿತು. ಅಷ್ಟರಲ್ಲಿ ಮಗು ಇರಲಿಲ್ಲ.

“ಅಜ್ಜ ಅವನ ಮೇಲೆ ಸಿಟ್ಟು ಇಟ್ಕೊಂಡಿದ್ರಾ?” ಅಂತ ಕೇಳಿದೆ.

“ಇಲ್ಲ. ಆ ದಿನ ದೋಣಿ ಬಿಟ್ಟಿದ್ದರೆ ಮೂರು ಹೆಣ ಆಗ್ತಿತ್ತು ಅಂತ ಅವರೇ ಹೇಳ್ತಿದ್ರು. ಆದ್ರೆ ಮತ್ತೆ ಯಾವತ್ತೂ ಆ ಕಡವಿನಲ್ಲಿ ಕೂತು ಎಲೆ ಅಡಿಕೆ ಹಾಕ್ಲಿಲ್ಲ.”

ನನ್ನ ಮೊಬೈಲ್‌ನಲ್ಲಿ ಕಯಾಕ್‌ನ ಪುಟ ಹಾಗೇ ತೆರೆದಿತ್ತು.

ಈ ಕತೆ ಗೊತ್ತಿದ್ದರೆ ಸುಳ್ಯದಲ್ಲಿ ನಡೆದ ಬದಲಾವಣೆಯ ತೂಕ ಅರ್ಥವಾಗುತ್ತದೆ. 1989ರಲ್ಲಿ ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಪಯಸ್ವಿನಿಗೆ ಅಡ್ಡಲಾಗಿ ಅರಂಬೂರಿನಲ್ಲಿ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಊರವರೂ ಕೈಜೋಡಿಸಿದ ಕೆಲಸ ಅದು. ಆಮೇಲೆ ಕರ್ನಾಟಕ, ಕೇರಳ ಮತ್ತು ಇತರ ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಸೇತುವೆಗಳು. 2017ರಲ್ಲಿ ಪದ್ಮಶ್ರೀ ಬಂತು. ಇತ್ತ ಕಡಬದ ದಾರಿಯಲ್ಲಿ ಹೊಸಮಠದ ಹಳೆಯ ತಗ್ಗು ಸೇತುವೆ ಪ್ರತಿ ಮಳೆಗಾಲ ಮುಳುಗುತ್ತಿತ್ತು, ಬಸ್ಸುಗಳು ಈಚೆಗೇ ನಿಲ್ಲುತ್ತಿದ್ದವು. ಈಗ ಪಕ್ಕದಲ್ಲೇ ಎತ್ತರದ ಸೇತುವೆ ಇದೆ. ಕಡವುಗಳು ಒಂದೊಂದಾಗಿ ನಿಂತವು. ಒಳ್ಳೆಯದೇ ಆಯಿತು. ಆದರೆ ಅವುಗಳ ಜೊತೆ ನೀರಿನ ಬಣ್ಣ ನೋಡಿ “ಇವತ್ತು ಆಗುವುದಿಲ್ಲ” ಅನ್ನಬಲ್ಲವರೂ ಹೋದರು. ಆ ಜಾಗಕ್ಕೆ ಈಗ ಆನ್‌ಲೈನ್‌ನಲ್ಲಿ ದೋಣಿ ಕೊಳ್ಳುವ ನಾವು ಬಂದಿದ್ದೇವೆ.

ಕಯಾಕ್ ಕೂಡ ಹುಟ್ಟಿದ್ದು ಮೋಜಿಗಲ್ಲ. ಉತ್ತರ ಧ್ರುವದ ಬಳಿಯ ಇನ್ಯೂಟ್ ಮತ್ತಿತರ ಜನ ತೇಲಿ ಬಂದ ಮರ, ಎಲುಬಿನ ಚೌಕಟ್ಟಿಗೆ ಸೀಲ್ ಚರ್ಮ ಹೊಲಿದು ಬೇಟೆಗೆ ಮಾಡಿಕೊಂಡದ್ದು. ಅಳತೆ ಕೂಡ ಮೈಯಿಂದಲೇ: ಉದ್ದ ಅವನದ್ದೇ ಸುಮಾರು ಮೂರು ಮಾರು, ಅಗಲ ಅವನ ಸೊಂಟಕ್ಕೆ ಎರಡು ಮುಷ್ಟಿ ಹೆಚ್ಚು. ಒಬ್ಬನ ಕಯಾಕ್ ಇನ್ನೊಬ್ಬನಿಗೆ ಸರಿಹೋಗುತ್ತಿರಲಿಲ್ಲ. 1907ರಲ್ಲಿ ಜರ್ಮನಿಯ ಕ್ಲೆಪ್ಪರ್ ಎಂಬ ದರ್ಜಿ ಮಡಚುವ ಕಯಾಕ್ ಮಾರಲು ಶುರುಮಾಡಿದ. ರೈಲಿನಲ್ಲಿ ಚೀಲದಂತೆ ಒಯ್ಯಬಹುದಾದ ದೋಣಿ. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಸ್ಪರ್ಧೆಯಾಗಿ ಬಂತು. 1970ರ ದಶಕದಲ್ಲಿ ಅಚ್ಚಿನಲ್ಲಿ ಸುರಿದ ಪ್ಲಾಸ್ಟಿಕ್ ಕಯಾಕ್ ಬಂದ ಮೇಲೆ ಬಂಡೆಗೆ ಬಡಿದರೂ ಸುಲಭಕ್ಕೆ ಒಡೆಯದ, ಸಾಮಾನ್ಯರೂ ಕೊಳ್ಳಬಹುದಾದ ವಸ್ತುವಾಯಿತು.

ಹಾಗಾದರೆ ನಾವು ಯಾವುದು ಕೊಳ್ಳಬೇಕು? ದೊಡ್ಡಪ್ಪನ ಪ್ರಶ್ನೆಯಿಂದಲೇ ಶುರುಮಾಡಿ. ಈ ಮೂರು ತಾಲೂಕುಗಳಲ್ಲಿ ಹೊಸಬರಿಗೆ ಹೊಳೆ ತೆರೆದಿರುವುದು ಡಿಸೆಂಬರ್‌ನಿಂದ ಮಾರ್ಚ್‌ತನಕ, ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ಹಿಂದೆ ನೀರು ನಿಂತಾಗ. ನಿಂತ ನೀರು, ತಳದಲ್ಲಿ ಬಂಡೆ. ಇದಕ್ಕೆ ಮೇಲೆ ಕೂರುವ, ಅಗಲವಾದ, ಮೂರು ಮೀಟರ್ ಆಸುಪಾಸಿನ ಪ್ಲಾಸ್ಟಿಕ್ ಕಯಾಕ್ ಸಾಕು. ಮಗುಚಿದರೆ ಒಳಗೆ ಸಿಕ್ಕಿಕೊಳ್ಳುವ ಭಯ ಇಲ್ಲ. ನಾಲ್ಕು ಮೀಟರ್ ದಾಟಿದ ಉದ್ದದ್ದು ನೇರ ಓಡುತ್ತದೆ, ಆದರೆ ನಮ್ಮ ತಿರುವುಗಳಲ್ಲಿ ತಿರುಗಿಸುವುದು ಕಷ್ಟ. ಫೈಬರ್‌ಗ್ಲಾಸ್ ಹಗುರ, ಬಂಡೆಗೆ ಬಡಿದರೆ ಬಿರುಕು. ಫ್ಲ್ಯಾಟ್‌ನಲ್ಲಿ ಇಡಲು ಜಾಗ ಇಲ್ಲದವರಿಗೆ ಗಾಳಿ ತುಂಬಿಸುವಂಥದ್ದು ಅಗ್ಗ, ಕಾರಿನ ಡಿಕ್ಕಿಗೆ ಹೋಗುತ್ತದೆ. ಆದರೆ ತೆಳು ಪದರದ್ದು ದಡದ ಬಿದಿರು ಮುಳ್ಳಿಗೆ ತಡೆಯುವುದಿಲ್ಲ.

ದುಡ್ಡು ಕಡಿಮೆ ಇದ್ದರೆ ದೋಣಿಯಲ್ಲಿ ಉಳಿಸಿ, ಹುಟ್ಟಿನಲ್ಲಿ ಬೇಡ. ದೋಣಿ ನಿಮ್ಮನ್ನು ಹೊರುತ್ತದೆ, ಹುಟ್ಟನ್ನು ನೀವು ಹೊರಬೇಕು, ಗಂಟೆಗೆ ಸಾವಿರ ಸಲಕ್ಕೂ ಹೆಚ್ಚು. ಅಲ್ಯುಮಿನಿಯಂ ಹಿಡಿ ಅಗ್ಗ ಆದರೆ ಭಾರ, ಫೈಬರ್‌ಗ್ಲಾಸ್ ಮಧ್ಯಮ, ಕಾರ್ಬನ್ ಹಗುರ ಮತ್ತು ದುಬಾರಿ. ಉದ್ದ ನಿಮ್ಮ ಎತ್ತರಕ್ಕೂ ದೋಣಿಯ ಅಗಲಕ್ಕೂ ಹೊಂದಬೇಕು. ಅಗಲ ಕಯಾಕ್‌ಗೆ 230–240 ಸೆಂಟಿಮೀಟರ್, ಸಪೂರದ್ದಕ್ಕೆ 220ರ ಆಸುಪಾಸು. ಇವೆಲ್ಲಕ್ಕಿಂತ ಮೊದಲು ಲೈಫ್ ಜಾಕೆಟ್. ಅದಕ್ಕೂ ಮೊದಲು ಬಾಡಿಗೆಗೆ ಒಂದೆರಡು ಸಲ ಕೂತು ನೋಡಿ. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ ಸೀತಾನದಿಯ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ಸಿಗುತ್ತದೆ. ಮತ್ತೆ, ನೀರು ಉಕ್ಕಿ ಹರಿಯುವ ಕಿಂಡಿ ಅಣೆಕಟ್ಟಿನ ಹತ್ತಿರ ಯಾವ ಕಾರಣಕ್ಕೂ ಹೋಗಬೇಡಿ. ಬೀಳುವ ನೀರು ಕೆಳಗೆ ಸುಳಿಯಾಗಿ ತಿರುಗುತ್ತದೆ, ಈಜು ಬಂದವರನ್ನೂ ಬಿಡುವುದಿಲ್ಲ.

ನಾನು ಕೊನೆಗೆ ಸೆಕೆಂಡ್ ಹ್ಯಾಂಡ್ ಪ್ಲಾಸ್ಟಿಕ್ ಕಯಾಕ್ ಒಂದನ್ನು ಕೊಂಡೆ, ಹುಟ್ಟು ಮತ್ತು ಜಾಕೆಟ್ ಹೊಸದು. ಮಾರ್ಚ್‌ನಲ್ಲಿ ನೀರಿಗಿಳಿಸಿದ ದಿನ ದೊಡ್ಡಪ್ಪ ದಡದ ಕಲ್ಲಿನ ಮೇಲೆ ಕೂತಿದ್ದರು. ಹುಟ್ಟನ್ನು ಕೈಗೆ ತೆಗೆದುಕೊಂಡು ಎರಡೂ ತುದಿಯ ಹಲಗೆ ಮುಟ್ಟಿ ನೋಡಿದರು, ತೂಗಿ ನೋಡಿದರು. ಹತ್ತಿ ಕೂರಿ ಅಂದರೆ ಬೇಡ ಅಂದರು. ನಾನು ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಿದ್ದರು.

“ಚಂದ ಉಂಟು,” ಅಂದರು. “ಮೇ ತಿಂಗಳು ಮುಗಿಯುವ ಮೊದಲು ಅಟ್ಟಕ್ಕೆ ಹಾಕು.”