ಮಾರಿಕುಪ್ಪಂ ರೈಲು: ಚಿನ್ನದ ಗಣಿಯ ಊರು ಬೆಂಗಳೂರಿಗೆ ದುಡಿಯಲು ಹೊರಟ ಕಥೆ

ಕೆಜಿಎಫ್ ಎಂದರೆ ಈಗ ಎಲ್ಲರಿಗೂ ಸಿನಿಮಾ. 2018ರ ಡಿಸೆಂಬರಿನಲ್ಲಿ ಅದು ತೆರೆಗೆ ಬಂದ ಮೇಲೆ ನಮ್ಮ ಆಸ್ಪತ್ರೆಯ ಮಲಯಾಳಿ ಸಹೋದ್ಯೋಗಿಗಳು ಕೂಡ ನನ್ನನ್ನು ಹಿಡಿದು ನಿಲ್ಲಿಸಿ, ಊರು ನಿಜವಾಗಿ ಹಾಗೇ ಇದೆಯಾ ಎಂದು ಕೇಳುತ್ತಿದ್ದರು. ನನ್ನ ಊರು ಬಂಗಾರಪೇಟೆ. ಕೆಜಿಎಫ್ ಕಡೆಗೆ ರೈಲು ಹಳಿ ಕವಲೊಡೆಯುವುದು ಅಲ್ಲೇ. ಸಿನಿಮಾದವರು ತಮ್ಮ ಕಥೆ ಹೇಳಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ನನಗೆ ತಕರಾರು ಇರುವುದು ಪತ್ರಿಕೆಗಳಲ್ಲಿ ಆಗಾಗ ಬರುವ ಇನ್ನೊಂದು ಮಾತಿನ ಬಗ್ಗೆ. 2001ರಲ್ಲಿ ಗಣಿ ಮುಚ್ಚಿತು, ಕೆಜಿಎಫ್ ಸತ್ತ ಊರಾಯಿತು ಎಂದು ಬರೆಯುತ್ತಾರೆ. ಹಾಗೆ ಬರೆಯುವವರು ಸಾಮಾನ್ಯವಾಗಿ ಮಟಮಟ ಮಧ್ಯಾಹ್ನ ಕಾರಿನಲ್ಲಿ ಬಂದು ಹೋದವರು. ಆ ಹೊತ್ತಿಗೆ ಊರಿನ ದುಡಿಯುವ ಜನ ಬೆಂಗಳೂರಿನಲ್ಲಿರುತ್ತಾರೆ. ರಾತ್ರಿ ಒಂಬತ್ತರ ಮೇಲೆ ಬಂದು ನೋಡಿದರೆ ಬೇರೆಯೇ ಊರು ಕಾಣುತ್ತದೆ.

ಮೊದಲಿನಿಂದ ಹೇಳುತ್ತೇನೆ. 1802ರಲ್ಲಿ ಬ್ರಿಟಿಷ್ ಸೈನ್ಯದ ಲೆಫ್ಟಿನೆಂಟ್ ಜಾನ್ ವಾರೆನ್ ಮೈಸೂರು ಸೀಮೆಯ ಗಡಿ ಅಳೆಯಲು ಈ ಕಡೆ ಬಂದಿದ್ದ. ಇಲ್ಲಿನ ಮಣ್ಣಿನಲ್ಲಿ ಚಿನ್ನ ಸಿಗುತ್ತದೆಂಬ ಸುದ್ದಿ ಕೇಳಿ, ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿದ. ಊರಿಗಾಂ ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಹುಡಿ ತೆಗೆದು ತೋರಿಸಿದರು. ಅಂದರೆ ಚಿನ್ನವನ್ನು ಕಂಡುಹಿಡಿದವರು ದೊರೆಗಳಲ್ಲ. ನಮ್ಮ ಜನರಿಗೆ ಅದು ತಲೆತಲಾಂತರದಿಂದ ಗೊತ್ತಿತ್ತು. ಎಪ್ಪತ್ತು ವರ್ಷ ಕಳೆದ ಮೇಲೆ, ಬೆಂಗಳೂರು ದಂಡು ಪ್ರದೇಶದಲ್ಲಿ ನೆಲೆಸಿದ್ದ ನಿವೃತ್ತ ಐರಿಷ್ ಸೈನಿಕ ಮೈಕೆಲ್ ಲವೆಲ್ ವಾರೆನ್‌ನ ಹಳೆಯ ವರದಿ ಓದಿದ. ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ 1875ರಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದೇ. ಆದರೆ ಗಣಿ ನಡೆಸುವಷ್ಟು ಹಣ ಅವನಲ್ಲಿರಲಿಲ್ಲ, ಹಕ್ಕು ಕೈ ಬದಲಾಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು. ಮುಂದಿನ ಎಪ್ಪತ್ತೈದು ವರ್ಷ ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಮೈಸೂರು ಗಣಿಗಳೆಲ್ಲ ಅವರ ಆಡಳಿತದಲ್ಲೇ ನಡೆದವು.

ದುಡಿಯಲು ಬಂದವರು ಯಾರು? ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ನಮ್ಮ ಕಥೆಯೂ ಹೌದು. ಭೂಮಿಯೊಳಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಧರ್ಮಪುರಿ ಕಡೆಯ ತಮಿಳರು, ಅವರಲ್ಲೂ ಬಹುಪಾಲು ದಲಿತರು. ಸ್ವಂತ ಊರಿನಲ್ಲಿ ತುಂಡು ಭೂಮಿಯಿಲ್ಲದೆ, ಬಿಟ್ಟಿ ದುಡಿಮೆ ಸಾಕಾಗಿ ಕೈಗೆ ಕೂಲಿ ಸಿಗುವ ಕಡೆಗೆ ನಡೆದು ಬಂದವರು. ಅವರ ಮೇಲಿನ ಮೇಸ್ತ್ರಿಗಳಲ್ಲಿ ಅನೇಕರು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದವರು. ಅಲ್ಲಿನ ತಾಮ್ರ, ತವರದ ಗಣಿಗಳು ಒಂದೊಂದಾಗಿ ಮುಚ್ಚಿದ್ದರಿಂದ ಆ ಜನ ಹೊಟ್ಟೆಪಾಡಿಗಾಗಿ ಪ್ರಪಂಚದ ಮೂಲೆಮೂಲೆಯ ಗಣಿಗಳಿಗೆ ಹೋಗಿದ್ದರು. ಕೆಜಿಎಫ್‌ನಲ್ಲಿ ದೊರೆ ಎನ್ನಿಸಿಕೊಂಡ ಎಷ್ಟೋ ಮಂದಿ ತಮ್ಮ ನಾಡಿನಲ್ಲಿ ಕೆಲಸ ಕಳೆದುಕೊಂಡು ಬಂದವರೇ. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಅವರಿಗೆ. ಕೂಲಿಕಾರರಿಗೆ ಸಾಲುಸಾಲಾಗಿ ಕಟ್ಟಿದ ಒಂದೇ ಕೋಣೆಯ ಮನೆಗಳು. ಅವಕ್ಕೆ ಇಂದಿಗೂ ‘ಲೈನ್’ ಎಂದೇ ಹೆಸರು. ಒಂದು ಕೋಣೆಯಲ್ಲಿ ಎಂಟು ಜನ ಮಲಗುವ ನಮ್ಮ ಲೇಬರ್ ಕ್ಯಾಂಪ್ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಿರು ತೆಗೆಯಲು ಯಂತ್ರ ಬೇಕು, ಉರಿಸಲು ಕಲ್ಲಿದ್ದಲು ಬೇಕು, ಸುರಂಗಕ್ಕೆ ಆಸರೆ ಕೊಡಲು ಮರದ ದಿಮ್ಮಿ ಬೇಕು. ಇವನ್ನೆಲ್ಲ ಸಾಗಿಸಲು 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ಹತ್ತು ಮೈಲಿಯ ಕವಲು ಹಳಿ ಹಾಕಿದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ, ಕೆಜಿಎಫ್ ಬೆಳಗಿದ ಮೂರು ವರ್ಷದ ಮೇಲೆ. ಆ ದಿನಗಳಲ್ಲಿ ಕೆಲಸಕ್ಕಾಗಿ ಬೆಂಗಳೂರಿನವರೂ ಕೆಜಿಎಫ್ ಕಡೆ ಮುಖ ಮಾಡುತ್ತಿದ್ದರು ಎಂಬುದನ್ನು ಇಂದಿನ ರೈಲಿನ ಗುಂಪು ನೋಡಿದರೆ ನಂಬುವುದು ಕಷ್ಟ.

1930ರ ಒಂದು ಸಂಗತಿ ನಮ್ಮವರಿಗೆ ವಿಶೇಷವಾಗಿ ಅರ್ಥವಾಗಬಹುದು. ಪ್ರತಿ ಕಾರ್ಮಿಕನ ಬೆರಳಚ್ಚು ತೆಗೆದು ನೋಂದಣಿ ಮಾಡುವ ಪದ್ಧತಿಯನ್ನು ಕಂಪನಿಗಳು ತಂದಾಗ ಸಾವಿರಾರು ಜನ ಕೆಲಸ ಬಿಟ್ಟು ಕೂತರು. ಬೆರಳಚ್ಚು ಕಳ್ಳಕಾಕರದು, ದುಡಿದು ತಿನ್ನುವವರು ಯಾಕೆ ಕೊಡಬೇಕು ಎಂಬುದು ಅವರ ಪ್ರಶ್ನೆ. ವಾರಗಟ್ಟಲೆ ಮುಷ್ಕರ ನಡೆಯಿತು. ನಾವು ವಿಮಾನ ಇಳಿದ ಮೊದಲ ವಾರದಲ್ಲೇ ಹತ್ತೂ ಬೆರಳು ಒತ್ತಿ ಕಾರ್ಡು ಪಡೆದು ನೆಮ್ಮದಿಯ ಉಸಿರು ಬಿಡುತ್ತೇವೆ. ಆಗಿನವರು ಅದನ್ನು ಮಾನದ ಪ್ರಶ್ನೆ ಎಂದು ತಿಳಿದಿದ್ದರು.

ಚಾಂಪಿಯನ್ ರೀಫ್ ಗಣಿ ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಕೆಳಗೆ ಬಂಡೆಯ ಶಾಖವೇ 60 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ, ಗಾಳಿಯನ್ನು ತಂಪು ಮಾಡಿ ಒಳಗೆ ಕಳಿಸದಿದ್ದರೆ ಮನುಷ್ಯ ನಿಲ್ಲಲಾರ. ಮೇಲಿನ ಭಾರಕ್ಕೆ ಬಂಡೆ ಒಮ್ಮೆಲೇ ಸಿಡಿಯುವುದೂ ಇತ್ತು. ಅದಕ್ಕೆ ರಾಕ್‌ಬರ್ಸ್ಟ್ ಎನ್ನುತ್ತಾರೆ. ಸಿಡಿದಾಗ ಮೇಲಿನ ಲೈನ್ ಮನೆಗಳಲ್ಲಿ ಪಾತ್ರೆಪಗಡಿ ಅಲುಗಾಡುತ್ತಿದ್ದವು, ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಶಾಫ್ಟ್ ಕಡೆಗೆ ಓಡುತ್ತಿದ್ದರು. ಇದೇ ಆಳದಲ್ಲಿ 1965ರಲ್ಲಿ ನಮ್ಮ ದೇಶದ, ಜಪಾನಿನ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಹಿಡಿದರು. ಭೌತಶಾಸ್ತ್ರದ ಚರಿತ್ರೆಯಲ್ಲಿ ಕೋಲಾರದ ಹೆಸರು ಹಾಗೆ ಸೇರಿದೆ.

ನನ್ನ ಕಸುಬಿಗೆ ಹತ್ತಿರದ ವಿಷಯ ದೂಳು. ಬಂಡೆ ಕೊರೆಯುವಾಗ ಏಳುವ ಸಿಲಿಕಾ ದೂಳು ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶವನ್ನು ಗಟ್ಟಿ ಮಾಡುತ್ತದೆ. ಇದೇ ಸಿಲಿಕೋಸಿಸ್. ಭಾರತದಲ್ಲಿ ಈ ಕಾಯಿಲೆಯ ಬಗ್ಗೆ ನಡೆದ ಮೊದಲ ದೊಡ್ಡ ತಪಾಸಣೆಗಳಲ್ಲಿ ಒಂದು 1940ರ ದಶಕದಲ್ಲಿ ಕೋಲಾರದ ಗಣಿ ಕಾರ್ಮಿಕರ ಮೇಲೆಯೇ ಆಯಿತು. ಇದನ್ನು ಗುಣ ಮಾಡುವ ಔಷಧಿ ಇವತ್ತಿಗೂ ಇಲ್ಲ. ಉಸಿರಾಟ ಸ್ವಲ್ಪ ಸಲೀಸಾಗಲು ಇನ್ಹೇಲರ್ ಕೊಡಬಹುದು, ಬೆನ್ನಿಗೇ ಬರುವ ಕ್ಷಯಕ್ಕೆ ಮಾತ್ರೆ ಕೊಡಬಹುದು, ಅಷ್ಟೆ. ಇಲ್ಲಿ ಗ್ರಾನೈಟ್, ಟೈಲ್ಸ್ ಕತ್ತರಿಸುವ ನಮ್ಮ ಹುಡುಗರು ಇದನ್ನು ಓದುತ್ತಿದ್ದರೆ ಒಂದು ಮಾತು: ನೀರು ಬಿಟ್ಟುಕೊಂಡು ಕತ್ತರಿಸಿ, ಸರಿಯಾದ ಮಾಸ್ಕ್ ಕೇಳಿ ತೆಗೆದುಕೊಳ್ಳಿ. ಬಟ್ಟೆ ಕಟ್ಟಿಕೊಂಡರೆ ಈ ದೂಳು ನಿಲ್ಲುವುದಿಲ್ಲ.

ಸ್ವಾತಂತ್ರ್ಯದ ನಂತರ 1956ರ ಕೊನೆಯಲ್ಲಿ ಮೈಸೂರು ರಾಜ್ಯ ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಅಷ್ಟರಲ್ಲಿ ಅದಿರಿನ ಸತ್ವ ಇಳಿದಿತ್ತು. ಹಳೆಯ ಒಳ್ಳೆಯ ಕಾಲದಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಯ ವರ್ಷಗಳಲ್ಲಿ ಮೂರ್ನಾಲ್ಕು ಗ್ರಾಂಗೆ ಬಂದಿತ್ತು. ನಷ್ಟ ನಷ್ಟ ಎಂದು ಎಲ್ಲರೂ ಹೇಳಿದರು. ಆದರೆ ಬಹಳ ಕಾಲ ಆ ಚಿನ್ನವನ್ನು ದೇಶದ ಪೇಟೆಯ ದರಕ್ಕೆ ಮಾರುವ ಸ್ವಾತಂತ್ರ್ಯ ಗಣಿಗೆ ಇರಲಿಲ್ಲ. ಅದಕ್ಕಿಂತ ಕಡಿಮೆಯಿದ್ದ ಅಂತರರಾಷ್ಟ್ರೀಯ ದರಕ್ಕೆ ಕೇಂದ್ರಕ್ಕೆ ಕೊಡಬೇಕಿತ್ತು. ನಷ್ಟದ ಲೆಕ್ಕದಲ್ಲಿ ಇದನ್ನೂ ಬರೆದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. 1992ರಲ್ಲಿ ಕಂಪನಿ ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮುಂದೆ ಹೋಯಿತು, 2000ದಲ್ಲಿ ಮುಚ್ಚುವ ಶಿಫಾರಸು ಬಂತು, 2001ರ ಫೆಬ್ರವರಿ 28ಕ್ಕೆ ಕೆಲಸ ನಿಂತಿತು. ನೂರ ಇಪ್ಪತ್ತು ವರ್ಷದಲ್ಲಿ ಹೊರಬಂದ ಚಿನ್ನ ಸುಮಾರು 800 ಟನ್. ಕೊನೆಯ ದಿನ ಕೆಲಸದಲ್ಲಿದ್ದವರು ಮೂರು ಸಾವಿರಕ್ಕೂ ಹೆಚ್ಚು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು.

ಆಗ ನಾನು ಡಿ.ಫಾರ್ಮ ಓದುತ್ತಿದ್ದೆ, ದಿನಾ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನ ಓಡಾಟ. ಮಾರಿಕುಪ್ಪಂನಿಂದ ಬರುವ ಗಾಡಿಯಲ್ಲಿ ಬೀಡಿ ಸೇದುತ್ತಾ ಇಸ್ಪೀಟು ಆಡುವ ಗುಂಪುಗಳು ಮೊದಲಿನಿಂದಲೂ ಇದ್ದವು. ಆ ವರ್ಷದ ಬೇಸಿಗೆ ಕಳೆಯುವಷ್ಟರಲ್ಲಿ ಹೊಸ ಮುಖಗಳು ಕಾಣಿಸಿದವು. ಐವತ್ತು ದಾಟಿದ ಗಂಡಸರು, ತೊಳೆದು ಇಸ್ತ್ರಿ ಮಾಡಿದ ಸೆಕ್ಯುರಿಟಿ ಸಮವಸ್ತ್ರ ಕೈಚೀಲದಲ್ಲಿ. ಗಾಡಿಯಲ್ಲಿ ಅದನ್ನು ಹಾಕಿಕೊಳ್ಳುತ್ತಿರಲಿಲ್ಲ, ಬೆಂಗಳೂರು ಮುಟ್ಟಿದ ಮೇಲೆ ಹಾಕಿಕೊಳ್ಳುತ್ತಿದ್ದರು. ಮೂರು ಕಿ.ಮೀ. ಆಳದಲ್ಲಿ ಸಿಡಿಮದ್ದು ತುಂಬಿದ ಕೈಗೆ ಅಪಾರ್ಟ್‌ಮೆಂಟಿನ ಗೇಟು ತೆಗೆಯುವ ಕೆಲಸ. ಅವರ ಹಿಂದೆ ಹೆಂಗಸರು ಬಂದರು, ಗಾರ್ಮೆಂಟ್ಸಿಗೆ, ಹೌಸ್‌ಕೀಪಿಂಗಿಗೆ. ನಂತರ ಮಕ್ಕಳು. ಕೆಜಿಎಫ್‌ನ ಹಳೆಯ ಶಾಲೆಗಳ ಇಂಗ್ಲಿಷ್ ಚೆನ್ನಾಗಿತ್ತು, ವೈಟ್‌ಫೀಲ್ಡಿನ ಕಾಲ್ ಸೆಂಟರುಗಳು ಅವರನ್ನು ಬರಮಾಡಿಕೊಂಡವು.

ಓದು ಮುಗಿಸಿ ಕೆಲವು ವರ್ಷ ರಾಬರ್ಟ್‌ಸನ್‌ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡಿದೆ. ಗಣಿಯ ಆಸ್ಪತ್ರೆಯಲ್ಲಿ ಕಾಸಿಲ್ಲದೆ ಔಷಧಿ ಪಡೆದು ಅಭ್ಯಾಸವಿದ್ದ ಜನ ಮೊದಲ ಸಲ ಕೌಂಟರಿನ ಮುಂದೆ ನಿಂತು ಬೆಲೆ ಕೇಳುತ್ತಿದ್ದರು. ಚೀಟಿಯಲ್ಲಿ ಹದಿನೈದು ದಿನದ ಮಾತ್ರೆ ಬರೆದಿದ್ದರೆ ನಾಲ್ಕು ಕೊಡಿ ಸಾಕು ಎನ್ನುತ್ತಿದ್ದರು. ಡೆರಿಫಿಲಿನ್ ಹಾಳೆಯನ್ನು ಕತ್ತರಿಯಿಂದ ತುಂಡು ಮಾಡಿ ಕೊಟ್ಟಿದ್ದಕ್ಕೆ ಲೆಕ್ಕವಿಲ್ಲ. ರೈಲಿನ ತಿಂಗಳ ಪಾಸು ಮಾತ್ರ ಒಂದು ದಿನವೂ ತಪ್ಪುತ್ತಿರಲಿಲ್ಲ. ಔಷಧಿಗಿಂತ ಪಾಸು ಮೊದಲು, ಏಕೆಂದರೆ ಪಾಸಿದ್ದರೆ ಸಂಬಳ, ಸಂಬಳವಿದ್ದರೆ ಔಷಧಿ.

ಇಷ್ಟು ಜನ ಬೆಂಗಳೂರಿಗೇ ಮನೆ ಬದಲಾಯಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಬಾಡಿಗೆ ಗೊತ್ತಿರುವವರು ಕೇಳುವುದಿಲ್ಲ. ಲೈನ್ ಮನೆ ಚಿಕ್ಕದು, ಮಳೆಗೆ ಸೋರುತ್ತದೆ, ಆದರೆ ಬಾಡಿಗೆಯ ಭಯವಿಲ್ಲ. ಗಣಿ ಮುಚ್ಚಿದ ಮೇಲೂ ಸಾವಿರಾರು ಸಂಸಾರಗಳು ಅಲ್ಲೇ ಉಳಿದವು. ಮನೆಯ ಹಕ್ಕುಪತ್ರದ ವಿಷಯ ಮಾತ್ರ ವರ್ಷಗಟ್ಟಲೆ ಎಳೆದಾಡಿತು. ಬಿಟ್ಟುಹೋದರೆ ಹಕ್ಕೂ ಹೋಗುತ್ತದೆಂಬ ಅಂಜಿಕೆ ಅನೇಕರಿಗೆ. ಅದಕ್ಕಾಗಿಯೇ ಹಿರಿಯರು ಮನೆ ಕಾಯುತ್ತಾರೆ, ಕಿರಿಯರು ರೈಲು ಹತ್ತುತ್ತಾರೆ. ಬೆಳಕು ಹರಿಯುವ ಮುನ್ನ ಹೊರಟು ಟೇಕಲ್, ಮಾಲೂರು, ವೈಟ್‌ಫೀಲ್ಡ್, ಕೆ.ಆರ್. ಪುರ, ದಂಡು ನಿಲ್ದಾಣ ದಾಟಿ ಬೆಂಗಳೂರು. ಒಂದು ದಿಕ್ಕಿಗೆ 85 ಕಿ.ಮೀ. ಆಸುಪಾಸು, ಎರಡು ಗಂಟೆಗೂ ಮೇಲೆ. ಹೋಗಿ ಬರುವುದರಲ್ಲೇ ದಿನಕ್ಕೆ ನಾಲ್ಕೈದು ಗಂಟೆ. ತಾಯಿ ಹೊರಡುವಾಗ ಮಕ್ಕಳು ಮಲಗಿರುತ್ತಾರೆ, ಬರುವಾಗಲೂ ಮಲಗಿರುತ್ತಾರೆ. ಅಜ್ಜಿಯೇ ಶಾಲೆಗೆ ಕಳಿಸುವುದು, ಅಜ್ಜಿಯೇ ಪ್ರೋಗ್ರೆಸ್ ಕಾರ್ಡಿಗೆ ಹೆಬ್ಬೆಟ್ಟು ಒತ್ತುವುದು. ನಾವು ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುತ್ತೇವೆ, ಅವರು ದಿನಾ ಹೋಗುತ್ತಾರೆ. ಮಕ್ಕಳ ಜೊತೆ ಎಚ್ಚರವಾಗಿ ಕಳೆದ ಗಂಟೆಗಳನ್ನು ಎಣಿಸಿದರೆ ವ್ಯತ್ಯಾಸ ಅಷ್ಟೇನೂ ಇರಲಿಕ್ಕಿಲ್ಲ.

ಕೆಲವರು ಇದನ್ನು ಕೆಜಿಎಫ್‌ನ ಪುನರ್ಜನ್ಮ ಎನ್ನುತ್ತಾರೆ. ಅದನ್ನೂ ನಾನು ಒಪ್ಪಲಾರೆ. ಸಂಬಳ ಬೆಂಗಳೂರಿನಲ್ಲಿ ಹುಟ್ಟಿ ಅರ್ಧ ಅಲ್ಲೇ ಖರ್ಚಾಗುತ್ತದೆ. 1960ರ ದಶಕದಲ್ಲಿ ಶುರುವಾದ ಬಿಇಎಂಎಲ್ ಕಾರ್ಖಾನೆ ಬಿಟ್ಟರೆ ಊರಿನೊಳಗೆ ನೂರಾರು ಜನರಿಗೆ ಕೆಲಸ ಕೊಡುವಂಥದು ಕಡಿಮೆ. ನರಸಾಪುರದ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಒಂದಷ್ಟು ಹುಡುಗ ಹುಡುಗಿಯರು ರೈಲು ಬಿಟ್ಟು ಕಂಪನಿ ಬಸ್ಸು ಹತ್ತಿದ್ದಾರೆ. ಅದು ಸಣ್ಣ ಸಮಾಧಾನ. ನಮ್ಮ ಸಂಘದ ರಾಯಚೂರು ಮಿತ್ರರು ಹಟ್ಟಿ ಚಿನ್ನದ ಗಣಿ ಇನ್ನೂ ನಡೆಯುತ್ತಿದೆ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಹೇಳಲಿ. ಗಣಿ ನಡೆಯುತ್ತಿರುವಾಗಲೇ ಅದರ ಆಚೆಗೂ ನಾಲ್ಕು ದುಡಿಮೆ ಊರಿಗೆ ಬರಲಿ ಎಂದು ಕೂಡ ಕೇಳಲಿ.

ಉಳಿದಿರುವುದು ಸೈನೈಡ್ ಗುಡ್ಡಗಳು. ಅದಿರನ್ನು ಪುಡಿ ಮಾಡಿ ಸೈನೈಡಿನಿಂದ ಚಿನ್ನ ಕರಗಿಸಿ ತೆಗೆದ ಮೇಲೆ ಸುರಿದ ಬೂದು ಮಣ್ಣು. ಇಂಥವು 13, ಸಾವಿರ ಎಕರೆಯ ಮೇಲೆ ಹರಡಿವೆ. ಹೆಸರು ಕೇಳಿ ಜನ ಸೈನೈಡಿಗೆ ಹೆದರುತ್ತಾರೆ. ಬಿಸಿಲು ಗಾಳಿಗೆ ಸೈನೈಡ್ ಕಾಲಕ್ರಮದಲ್ಲಿ ಕ್ಷೀಣಿಸುತ್ತದೆ, ಗಾಳಿಗೆ ಏಳುವ ನುಣ್ಣನೆ ದೂಳು ಮಾತ್ರ ಎಲ್ಲೂ ಹೋಗುವುದಿಲ್ಲ. ಬೇಸಿಗೆಯಲ್ಲಿ ಅದು ಲೈನ್ ಮನೆಗಳ ಅನ್ನದ ತಟ್ಟೆಯವರೆಗೂ ಬರುತ್ತದೆ. ಆ ಮಣ್ಣಿನಲ್ಲಿ ಇನ್ನೂ ಸ್ವಲ್ಪ ಚಿನ್ನವಿದೆ. ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗುಡ್ಡ ಅಗೆಯುವಾಗ ದೂಳಿನ ಗತಿ ಏನು, ಕೆಲಸ ಯಾರಿಗೆ ಎಂಬ ಎರಡು ಪ್ರಶ್ನೆಗಳನ್ನು ಊರಿನವರು ಕೇಳುತ್ತಿದ್ದಾರೆ. ಬೇತಮಂಗಲದ ಹತ್ತಿರ ಹೊಸ ಚೆನ್ನೈ ಹೆದ್ದಾರಿಯೂ ಬಂದಿದೆ, ಸುತ್ತಲಿನ ನಿವೇಶನಗಳ ಬೆಲೆ ಏರುತ್ತಿದೆ. ಹಕ್ಕುಪತ್ರವಿಲ್ಲದವರಿಗೆ ಇದು ಖುಷಿಯ ಸುದ್ದಿಯಲ್ಲ.

ಕೊನೆಗೆ ಒಂದು ಕೋರಿಕೆ. ನಮ್ಮ ನಡುವೆ ಕೆಜಿಎಫ್ ಕಡೆಯ ವೆಲ್ಡರುಗಳು, ಫಿಟ್ಟರುಗಳು, ನರ್ಸುಗಳು ಸಾಕಷ್ಟಿದ್ದಾರೆ. ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ. ಸಂಘಕ್ಕೆ ಬರಲು ಸಂಕೋಚ ಪಡುತ್ತಾರೆ, ಕರೆಯಲು ನಾವೂ ಸಂಕೋಚ ಪಡುತ್ತೇವೆ. ನಿಮ್ಮ ಅಪ್ಪ, ತಾತ ಗಣಿಗೆ ಇಳಿದವರಾಗಿದ್ದರೆ ಅವರ ನಂಬರಿನ ಬಿಲ್ಲೆ, ಸಂಬಳದ ಚೀಟಿ, ಶಾಫ್ಟ್ ಮುಂದೆ ತೆಗೆಸಿದ ಫೋಟೊ ಮನೆಯಲ್ಲಿ ಇರಬಹುದು. ಮುಂದಿನ ರಜೆಗೆ ಹೋದಾಗ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಬನ್ನಿ. ರಾಜ್ಯೋತ್ಸವದ ದಿನ ಸಭಾಂಗಣದ ಬಾಗಿಲ ಬಳಿ ಒಂದು ಮೇಜು ಹಾಕಿ ಅವನ್ನೆಲ್ಲ ಜೋಡಿಸಿಡೋಣ. ಮೇಜಿನ ಹೊಣೆ ನನ್ನದು.