ಹಿಡಿದ ಮೀನಿಗೂ ಉಸಿರು ಬೇಕು

ಬ್ಯಾಡಗಿಯ ಮೆಣಸಿನಕಾಯಿ ಚೆನ್ನಾಗಿ ಒಣಗಿದಷ್ಟೂ ಬಾಳಿಕೆ ಬರುತ್ತದೆ. ಹಾವೇರಿಯ ಏಲಕ್ಕಿ ಹಾರ ತಿಂಗಳುಗಟ್ಟಲೆ ಕೆಡುವುದಿಲ್ಲ. ರಾಣೆಬೆನ್ನೂರಿನ ಬಿತ್ತನೆ ಬೀಜದ ಪೊಟ್ಟಣ ಮುಂಗಾರಿನ ತನಕ ಅಂಗಡಿಯಲ್ಲಿ ಕಾದಿರುತ್ತದೆ. ಈ ಮೂರು ಊರುಗಳಿಗೆ ಹೆಸರು ತಂದ ಸರಕುಗಳೆಲ್ಲ ನೀರನ್ನು ಕಳೆದುಕೊಂಡು ಉಳಿಯುವಂಥವು. ಇದೇ ಸೀಮೆಯ ತುಂಗಭದ್ರೆ, ವರದೆ ಮತ್ತು ಊರ ಕೆರೆಗಳಲ್ಲಿ ಸಿಗುವ ಮೀನಿನ ಪಾಡು ಮಾತ್ರ ಇದಕ್ಕೆ ತದ್ವಿರುದ್ಧ. ನೀರು ಬಿಟ್ಟ ಗಳಿಗೆಯಿಂದಲೇ ಅದರ ಬೆಲೆ ಇಳಿಯತೊಡಗುತ್ತದೆ. ಹಿಡಿದ ಮೀನನ್ನು ಮಾರುವ ತನಕ ಬದುಕಿಸಿಡುವುದು ಹೇಗೆ ಎಂಬ ಪ್ರಶ್ನೆ ಮೀನುಗಾರಿಕೆಯಷ್ಟೇ ಹಳೆಯದು.

ಒಂದು ಕೊಡ ನೀರಿನಲ್ಲಿ ಹಾಕಿಟ್ಟರೆ ಮೀನು ಬದುಕಬೇಕಲ್ಲವೇ? ಬದುಕುವುದಿಲ್ಲ. ಮೀನಿಗೆ ಬೇಕಾದದ್ದು ಬರೀ ನೀರಲ್ಲ, ನೀರಿನಲ್ಲಿ ಕರಗಿದ ಆಮ್ಲಜನಕ. ನಾವು ಉಸಿರಾಡುವ ಗಾಳಿಯ ಒಂದು ಲೀಟರಿನಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರಿನಲ್ಲಿ ಕರಗಿರಬಲ್ಲದ್ದು ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ. ನೀರು ತಣ್ಣಗಿದ್ದಷ್ಟೂ ಈ ಪ್ರಮಾಣ ಹೆಚ್ಚು; 10 ಡಿಗ್ರಿಯಲ್ಲಿ ಅದು 11 ಮಿಲಿಗ್ರಾಂ ದಾಟುತ್ತದೆ. ಬಿಸಿಲೇರಿದಂತೆ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿನ ಬೇಡಿಕೆ ಮಾತ್ರ ಹೆಚ್ಚಾಗುತ್ತದೆ. ಹೀಗಾಗಿ ಬಯಲುಸೀಮೆಯ ಬೇಸಿಗೆಯಲ್ಲಿ ಕೊಡದೊಳಗಿನ ಮೀನು ನೀರಿನಲ್ಲಿದ್ದೂ ಉಸಿರುಗಟ್ಟಿ ಸಾಯುತ್ತದೆ.

ಯುರೋಪಿನ ಬೆಸ್ತರು ಇದಕ್ಕೆ ಕಂಡುಕೊಂಡ ಉಪಾಯ ಮೊದಲ ಬಾರಿಗೆ ಕೇಳಿದವರಿಗೆ ವಿಚಿತ್ರವೆನಿಸಬಹುದು. ಅವರು ದೋಣಿಯ ತಳಕ್ಕೇ ರಂಧ್ರ ಕೊರೆದರು! ದೋಣಿಯ ನಡುಭಾಗವನ್ನು ಎರಡು ಗಟ್ಟಿ ಅಡ್ಡಗೋಡೆಗಳಿಂದ ಬೇರ್ಪಡಿಸಿ ತೊಟ್ಟಿಯಂತೆ ಮಾಡುವುದು, ಆ ತೊಟ್ಟಿಯ ತಳದಲ್ಲಿ ಮಾತ್ರ ರಂಧ್ರಗಳನ್ನು ಇಡುವುದು. ಹೊರಗಿನ ನೀರಿನ ಮಟ್ಟಕ್ಕೆ ಸಮನಾಗಿ ತೊಟ್ಟಿಯೊಳಗೆ ನೀರು ನಿಲ್ಲುತ್ತದೆ. ಉಳಿದ ಭಾಗ ಭದ್ರವಾಗಿರುವುದರಿಂದ ದೋಣಿ ಮುಳುಗುವುದಿಲ್ಲ. ದೋಣಿ ಸಾಗಿದಂತೆ, ಅಲೆಗೆ ತೂಗಾಡಿದಂತೆ ಹಳೆಯ ನೀರು ಹೊರಹೋಗಿ ಹೊಸ ನೀರು ಒಳಬರುತ್ತದೆ. ರೋಮ್ ನಗರದ ಫಿಯುಮಿಚಿನೊ ವಿಮಾನ ನಿಲ್ದಾಣ ಕಟ್ಟುವಾಗ, 1950ರ ದಶಕದ ಕೊನೆಯಲ್ಲಿ, ನೆಲದಡಿ ಸಿಕ್ಕಿದ ಪುರಾತನ ದೋಣಿಗಳಲ್ಲಿ ಇಂಥ ತೊಟ್ಟಿಯಿರುವ ಒಂದು ಪುಟ್ಟ ಮೀನುದೋಣಿಯೂ ಇತ್ತು. ಅದು ಕ್ರಿ.ಶ. ಎರಡನೆಯ ಶತಮಾನದ್ದೆಂದು ವಿದ್ವಾಂಸರು ಗುರುತಿಸಿದ್ದಾರೆ.

ಹಾಲೆಂಡಿನಲ್ಲಿ ಬಳಕೆಯಲ್ಲಿದ್ದ ತೊಟ್ಟಿದೋಣಿ 1712ರ ಹೊತ್ತಿಗೆ ಇಂಗ್ಲೆಂಡಿನ ಹಾರ್ವಿಚ್ ಬಂದರಿಗೂ ಬಂತು. ಅಲ್ಲಿಂದ ಕಾಡ್ ಮೀನು ಲಂಡನ್ನಿನ ಕಡೆಗೆ ಜೀವಂತವಾಗಿ ಹೊರಟಿತು. ಆದರೆ ಈ ದೋಣಿಗಳು ಥೇಮ್ಸ್ ನದಿಯಲ್ಲಿ ಗ್ರೇವ್ಸೆಂಡ್ ದಾಟಿ ಮುಂದೆ ಹೋಗುತ್ತಿರಲಿಲ್ಲ. ಅಲ್ಲಿಂದ ಮೇಲೆ ಉಪ್ಪುನೀರು ಕಡಿಮೆಯಾಗಿ ನದಿನೀರು ಬೆರೆಯುತ್ತಿತ್ತು. ಅದು ತೊಟ್ಟಿಯೊಳಗೆ ಬಂದರೆ ಸಮುದ್ರದ ಮೀನು ಸಾಯುತ್ತಿತ್ತು. ಎಷ್ಟೇ ಜಾಣತನದಿಂದ ಕಟ್ಟಿದ ತೊಟ್ಟಿಯಾದರೂ ಅದು ಹೊರಗಿನ ನೀರಿಗಿಂತ ಒಳ್ಳೆಯದಾಗಿರಲು ಸಾಧ್ಯವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಜುಗಡ್ಡೆ ಮತ್ತು ರೈಲು ಬಂದ ಮೇಲೆ ಇಂಥ ದೋಣಿಗಳ ಅಗತ್ಯ ಕಡಿಮೆಯಾಯಿತು.

ತುಂಗಭದ್ರೆಯ ದಡದಲ್ಲಿ ಈ ಉಪಾಯ ನಡೆಯುವಂತಿರಲಿಲ್ಲ. ಇಲ್ಲಿಯ ಹರಿಗೋಲು ಬಿದಿರಿನ ದುಂಡು ಬುಟ್ಟಿ. ಅದಕ್ಕೆ ಹಿಂದೆ ತೊಗಲು ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ನದಿಯಲ್ಲಿ ಇಂಥ ದೋಣಿಗಳನ್ನು ಕಂಡು ಬರೆದಿದ್ದಾನೆ. ತೊಗಲಿನ ಬುಟ್ಟಿಗೆ ತೂತು ಬಿದ್ದರೆ ಅಂಬಿಗನೂ ಮುಳುಗಿದ, ಮೀನೂ ಹೋಯಿತು. ಹರಿಗೋಲಿನವನಿಗೆ ಉಳಿಯುವ ಸುಲಭದ ದಾರಿಯೆಂದರೆ ಮೀನನ್ನು ಬುಟ್ಟಿಯಲ್ಲೋ ಬಲೆಯ ಚೀಲದಲ್ಲೋ ಹಾಕಿ ಹರಿಯುವ ನೀರಿಗೇ ಇಳಿಬಿಡುವುದು. ದೋಣಿಯೊಳಗೆ ಹೊಳೆಯನ್ನು ತರುವ ಬದಲು ಹೊಳೆಯನ್ನೇ ತೊಟ್ಟಿಯಾಗಿ ಬಳಸಿದಂತೆ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರ ಇರುವುದು ರಾಣೆಬೆನ್ನೂರು ತಾಲ್ಲೂಕಿನ ಇದೇ ನದಿಯ ದಂಡೆಯಲ್ಲಿ.

ಚೌಡಯ್ಯನ ಆ ಶತಮಾನದಲ್ಲೇ ಈ ನಾಡನ್ನು ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. 1129ರ ಸುಮಾರಿನ ಈ ವಿಶ್ವಕೋಶದಲ್ಲಿ 'ಮತ್ಸ್ಯವಿನೋದ' ಎಂಬ ಅಧ್ಯಾಯವೊಂದಿದೆ. ಯಾವ ಮೀನು ಸಮುದ್ರದ್ದು, ಯಾವುದು ನದಿಯದು, ಯಾವುದಕ್ಕೆ ಯಾವ ಆಹಾರ ಹಾಕಿ ಪಳಗಿಸಬೇಕು, ಗಾಳದ ದಾರ ಹೇಗಿರಬೇಕು ಎಂಬ ವಿವರಗಳು ಅದರಲ್ಲಿವೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಬಗ್ಗೆ ಬರೆದು ವಿಜ್ಞಾನಿಗಳ ಗಮನ ಸೆಳೆದರು. ಮೀನನ್ನು ಸೆರೆಹಿಡಿಯದೆ, ತಿನಿಸಿನ ಆಸೆಯಿಂದಲೇ ಒಂದು ಮಡುವಿನ ಸುತ್ತ ಉಳಿಸಿಕೊಳ್ಳುವುದು ರಾಜರ ದಾರಿ. ಹೊತ್ತಿನ ಊಟಕ್ಕೆ ಮೀನು ಮಾರುವವನಿಗೆ ಅಷ್ಟು ಬಿಡುವು ಎಲ್ಲಿಯದು?

ಬಡವನಿಗೆ ಒದಗಿ ಬಂದದ್ದು ಕೆಲವು ಮೀನುಗಳ ಹುಟ್ಟುಗುಣ. ಹಾವಿನ ತಲೆಯಂಥ ತಲೆಯ ಕೊರವ, ಮೀಸೆಯ ಮುರುಗೋಡು ಮೇಲೆ ಬಂದು ಗಾಳಿಯನ್ನೇ ಗುಟುಕರಿಸಬಲ್ಲವು. ಕೆಸರಿನಲ್ಲಿ ಬಾಳುವ ಇವನ್ನು ಒಂದಿಷ್ಟು ನೀರಿರುವ ಮಡಕೆಯಲ್ಲಿಟ್ಟೇ ಸಂತೆಗೆ ಒಯ್ಯಬಹುದು. ಕಾಟ್ಲಾ, ರೋಹುಗಳಿಗೆ ಈ ಭಾಗ್ಯವಿಲ್ಲ.

ಹಾವೇರಿ, ಬ್ಯಾಡಗಿ ಸೀಮೆಯ ಮಳೆಯಾಶ್ರಿತ ಕೆರೆಗಳಲ್ಲಿ ಸಾಕಲು ಬೇಕಾದದ್ದು ಇವೇ ಮೀನುಗಳು. ಆದರೆ ಕೆರೆಯ ನಿಂತ ನೀರಿನಲ್ಲಿ ಇವು ಮೊಟ್ಟೆಯಿಡುವುದಿಲ್ಲ. ಬೇಸಿಗೆಯಲ್ಲಿ ಬತ್ತಿದ ಕೆರೆ ಮಳೆಗೆ ತುಂಬಿದಾಗಲೆಲ್ಲ ಮರಿಗಳನ್ನು ಹೊರಗಿನಿಂದ ಜೀವಂತವಾಗಿ ತರಲೇಬೇಕು. ಬಂಗಾಳದಲ್ಲಿ ಮೀನುಮರಿಯನ್ನು ಬಾಯಿತೆರೆದ ಮಡಕೆಗಳಲ್ಲಿ ಹೊತ್ತು, ದಾರಿಯುದ್ದಕ್ಕೂ ನೀರನ್ನು ಕುಲುಕುತ್ತ ಸಾಗುತ್ತಿದ್ದರು. ಕುಲುಕಿದಾಗ ನೀರಿಗೆ ಗಾಳಿ ಸೇರುತ್ತದೆ. ಕೈ ನಿಂತರೆ ಮರಿಗಳ ಉಸಿರೂ ನಿಲ್ಲುತ್ತದೆ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಹಾರ್ಮೋನು ಚುಚ್ಚಿ ಮೀನು ಮೊಟ್ಟೆಯಿಡುವಂತೆ ಮಾಡಿದ ಮೇಲೆ, ಮರಿಗಾಗಿ ಪ್ರವಾಹದ ನದಿಯನ್ನೇ ಕಾಯುವುದು ತಪ್ಪಿತು. ತುಂಗಭದ್ರಾ ಅಣೆಕಟ್ಟು, ಭದ್ರಾ ಜಲಾಶಯಗಳ ಬಳಿಯೂ ಮೀನುಮರಿ ಕೇಂದ್ರಗಳು ಬಂದವು.

ಮಡಕೆಯ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಬಂದಿತು. ಚೀಲದ ಮೂರನೇ ಒಂದು ಭಾಗ ನೀರು, ಉಳಿದದ್ದು ಸಿಲಿಂಡರಿನಿಂದ ತುಂಬಿದ ಆಮ್ಲಜನಕ. ಸಾಗಿಸುವ ಮುನ್ನ ಮರಿಗಳನ್ನು ಕೆಲವು ಗಂಟೆ ಉಪವಾಸ ಕೆಡವುತ್ತಾರೆ. ಹೊಟ್ಟೆ ಖಾಲಿಯಿದ್ದರೆ ದಾರಿಯಲ್ಲಿ ನೀರು ಹೊಲಸಾಗುವುದು ಕಡಿಮೆ. ಊರು ತಲುಪಿದ ಕೂಡಲೇ ಮರಿಗಳನ್ನು ಕೆರೆಗೆ ಸುರಿಯುವಂತಿಲ್ಲ. ಚೀಲವನ್ನು ಕಾಲು ಗಂಟೆಯಾದರೂ ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ನೀರಿನ ಉಷ್ಣತೆ ಕೆರೆಯ ಉಷ್ಣತೆಗೆ ಹೊಂದಿಕೊಂಡ ಮೇಲೆ ಬಿಡಬೇಕು. ಈ ತಾಳ್ಮೆ ತಪ್ಪಿದರೆ ಕೆರೆ ಗುತ್ತಿಗೆ ಹಿಡಿದವರ ಇಡೀ ವರ್ಷದ ದುಡಿಮೆ ದಡದಲ್ಲೇ ಮುಗಿದಂತೆ.

ಕೆರೆಗೆ ಮರಿ ತರಬಹುದು. ಹೊಳೆಗೆ ಉಸಿರು ತರುವವರು ಯಾರು? ಈ ಪ್ರಶ್ನೆ 1980ರ ದಶಕದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ನದಿಪಾತ್ರದಲ್ಲಿ ಎದ್ದಿತು. ಕುಮಾರಪಟ್ಟಣದ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆ ಕೆಡುತ್ತಿದೆ, ಮೀನು ಸಾಯುತ್ತಿವೆ ಎಂದು ಕೆಳದಂಡೆಯ ಹಳ್ಳಿಗರು ದೂರಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಆ ಹೋರಾಟಕ್ಕೆ ಹೆಗಲು ಕೊಟ್ಟಿತು. ಸಾವಯವ ತ್ಯಾಜ್ಯ ನೀರಿಗೆ ಬಿದ್ದಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಬೇಸಿಗೆಯಲ್ಲಿ ಹರಿವು ಕುಗ್ಗಿ, ನೀರು ಕಾದಾಗ ಈ ಕೊರತೆ ಇನ್ನೂ ಹೆಚ್ಚು.

ಹೊಸ ಕಾಲದ ದೋಣಿಗಳಲ್ಲಿ ತೊಟ್ಟಿಗೆ ನೀರು ಚಿಮ್ಮಿಸುವ ಪಂಪುಗಳಿವೆ, ಗಾಳಿ ಊದುವ ಯಂತ್ರಗಳಿವೆ. ನೀರಿಗೆ ಬುಟ್ಟಿ ಇಳಿಬಿಡುವ ಹರಿಗೋಲಿನವನ ಬಳಿ ಇವಾವುವೂ ಇಲ್ಲ. ಹಿಡಿದ ಮೀನು ಸಂಜೆಯ ತನಕ ಬದುಕಿರಬೇಕಾದರೆ ಅವನು ನಂಬಬೇಕಾದದ್ದು ಬುಟ್ಟಿಯ ಸುತ್ತ ಹರಿಯುವ ತುಂಗಭದ್ರೆಯನ್ನೇ.