ನೀರಲ್ಲಿ ಮುಳುಗಿದವರನ್ನು ಉಪ್ಪಿನಲ್ಲಿ ಇಟ್ಟರೆ ಬದುಕುತ್ತಾರಾ? ಗೋಕಾಕ ಜಲಪಾತಕ್ಕೆ ಹೊರಟ ಗೆಳೆಯರು ಓದಲೇಬೇಕಾದ ಮಾಹಿತಿ

ಮಳೆಗಾಲದ ಶನಿವಾರ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಗೆಳೆಯರ ಗ್ರೂಪ್‌ಗಳಲ್ಲಿ ಒಂದೇ ಮಾತು: "ನಾಳೆ ಫಾಲ್ಸ್‌ಗೆ ಹೋಗೋಣೇನ?" ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಬರುವಾಗ ಒಂದು ಪಾಕೀಟು ಕರದಂಟು. ಇಷ್ಟಿದ್ದರೆ ಭಾನುವಾರ ಸಾರ್ಥಕ. ಆದರೆ ಇದೇ ಗ್ರೂಪ್‌ಗಳಲ್ಲಿ ನೀರು, ಜಲಪಾತ, ಮುಳುಗುವಿಕೆ ಬಗ್ಗೆ ಕೆಲವು ತಪ್ಪು ಸಂದೇಶಗಳೂ ಓಡಾಡುತ್ತವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಸಂದೇಶ 1: "ಗೋಕಾಕ ಜಲಪಾತ ಭಾರತದ ನಯಾಗರ"

ಅರ್ಧ ನಿಜ. ಘಟಪ್ರಭಾ ನದಿ ಇಲ್ಲಿ ಕುದುರೆ ಲಾಳದ ಆಕಾರದ ಬಂಡೆಯಿಂದ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ನಯಾಗರದ ದೊಡ್ಡ ಜಲಪಾತದ ಎತ್ತರ ಸುಮಾರು 57 ಮೀಟರ್, ಅದರ ಆಕಾರವೂ ಲಾಳದ್ದೇ. ಆಕಾರ, ಎತ್ತರದ ಹೋಲಿಕೆ ಅಲ್ಲಿಗೆ ಸರಿ. ಆದರೆ ನಯಾಗರಕ್ಕೆ ದೊಡ್ಡ ಸರೋವರಗಳಿಂದ ವರ್ಷವಿಡೀ ನೀರು ಬರುತ್ತದೆ. ಗೋಕಾಕದಲ್ಲಿ ಬೇಸಿಗೆಗೆ ಬಂಡೆಯೇ ಕಾಣುತ್ತದೆ, ಮಳೆಗಾಲಕ್ಕೆ ಕೆಂಪು ನೀರು ಭೋರ್ಗರೆಯುತ್ತದೆ. ಅಪಾಯ ಇರುವುದೂ ಈ ಏರುಪೇರಿನಲ್ಲೇ.

ಸಂದೇಶ 2: "ಇಲ್ಲಿ ಮಳೆ ಇಲ್ಲ, ನೀರು ಕಡಿಮೆ ಇದೆ, ಬಂಡೆ ಮೇಲೆ ಇಳಿಯಬಹುದು"

ತಪ್ಪು, ಮತ್ತು ಅಪಾಯಕಾರಿ. ಘಟಪ್ರಭಾ ಹುಟ್ಟುವುದು ಸಹ್ಯಾದ್ರಿಯಲ್ಲಿ. ಗೋಕಾಕದಲ್ಲಿ ಬಿಸಿಲು ಇದ್ದಾಗಲೂ ಘಟ್ಟದಲ್ಲಿ ಜೋರು ಮಳೆ ಸುರಿಯುತ್ತಿರಬಹುದು. ಆ ನೀರು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯಕ್ಕೆ ಬರುತ್ತದೆ. ಜಲಾಶಯ ತುಂಬಿದರೆ ಗೇಟ್ ತೆರೆದು ನೀರು ಬಿಡುತ್ತಾರೆ. ಹಿರಣ್ಯಕೇಶಿಯ ನೀರು ಹಿಡಕಲ್‌ಗೆ ಬರದೆ, ಅದರ ಕೆಳಗೆ ನದಿಯನ್ನು ಸೇರುತ್ತದೆ. ಹೀಗಾಗಿ ನೀವು ನಿಂತ ಜಾಗದಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ನದಿ ಏರಬಹುದು. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತಕ್ಕೂ ಇದೇ ಮಾತು.

ಸುದ್ದಿಯಲ್ಲಿ "10 ಸಾವಿರ ಕ್ಯುಸೆಕ್ ನೀರು ಬಿಡುಗಡೆ" ಎಂದು ಓದಿರುತ್ತೀರಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. 10 ಸಾವಿರ ಕ್ಯುಸೆಕ್ ಎಂದರೆ ಪ್ರತಿ ಸೆಕೆಂಡಿಗೆ ಸುಮಾರು 283 ಟನ್ ನೀರು! ಇನ್ನೊಂದು ಲೆಕ್ಕ: ನೀರಿನ ವೇಗ ಎರಡು ಪಟ್ಟಾದರೆ ಅದು ನಮ್ಮ ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಮೊಣಕಾಲುದ್ದದ ವೇಗದ ನೀರು ಗಟ್ಟಿಮುಟ್ಟಾದ ಯುವಕನನ್ನೂ ಉರುಳಿಸಬಲ್ಲದು. ಜೊತೆಗೆ ಬಂಡೆಯ ಪಾಚಿ. 2019ರ ಆಗಸ್ಟ್‌ನಲ್ಲಿ ಇದೇ ನದಿ ಗೋಕಾಕ ಪಟ್ಟಣಕ್ಕೇ ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ.

ಸಂದೇಶ 3: "ಈಜು ಬಂದರೆ ಭಯವಿಲ್ಲ"

ಬಾವಿ, ಕೆರೆಯ ಈಜೇ ಬೇರೆ, ಜಲಪಾತದ ಈಜೇ ಬೇರೆ. ನೀರು ಧುಮುಕುವ ಜಾಗದಲ್ಲಿ ಸುಳಿ ಏಳುತ್ತದೆ, ಮೇಲೆ ಬಂದವರನ್ನು ಮತ್ತೆ ಒಳಗೆ ಎಳೆಯುತ್ತದೆ. ನೊರೆಯಲ್ಲಿ ಗಾಳಿಯೇ ಹೆಚ್ಚು ಇರುವುದರಿಂದ ದೇಹ ಸರಿಯಾಗಿ ತೇಲುವುದಿಲ್ಲ. ಒಬ್ಬ ಗೆಳೆಯ ಬಿದ್ದಾಗ ಇನ್ನೊಬ್ಬ ಹಿಂದೆಮುಂದೆ ನೋಡದೆ ಹಾರಿದರೆ ಇಬ್ಬರೂ ಅಪಾಯಕ್ಕೆ ಸಿಲುಕುತ್ತಾರೆ. ಮುಳುಗುವವರು ಕೈಗೆ ಸಿಕ್ಕವರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ, ಕಾಪಾಡಲು ಬಂದವರಿಗೂ ಕೈಕಾಲು ಆಡದಂತಾಗುತ್ತದೆ.

ಸಂದೇಶ 4: "ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಮುಚ್ಚಿಟ್ಟರೆ ಜೀವ ಬರುತ್ತದೆ"

ಸಂಪೂರ್ಣ ಸುಳ್ಳು. ಕ್ವಿಂಟಾಲ್‌ಗಟ್ಟಲೆ ಉಪ್ಪು ತಂದು ದೇಹವನ್ನು ಮುಚ್ಚಿದರೆ ಉಪ್ಪು ನೀರನ್ನು ಹೀರಿಕೊಂಡು ಮನುಷ್ಯ ಎದ್ದು ಕೂರುತ್ತಾನೆ ಎನ್ನುತ್ತದೆ ಈ ಸಂದೇಶ. ಇದನ್ನು ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೆತ್ತವರು ಮುಳುಗಿದ ಮಕ್ಕಳನ್ನು ಉಪ್ಪಿನಲ್ಲಿಟ್ಟು ಗಂಟೆಗಟ್ಟಲೆ ಕಾದರು. ಮಕ್ಕಳು ಏಳಲಿಲ್ಲ. ಆ ತಂದೆ-ತಾಯಿಯ ಆಸೆಯನ್ನು ನಾವು ದೂರುವುದಿಲ್ಲ. ದೂರಬೇಕಾದದ್ದು ಈ ಸಂದೇಶವನ್ನು.

ಸಂದೇಶದಲ್ಲಿ ನೊಣದ ಉದಾಹರಣೆ ಕೊಡುತ್ತಾರೆ: ನೀರಲ್ಲಿ ಮುಳುಗಿದ ನೊಣವನ್ನು ಉಪ್ಪಿನಲ್ಲಿಟ್ಟರೆ ಅದು ಹಾರುತ್ತದಂತೆ. ಹಾರಬಹುದು, ಏಕೆಂದರೆ ಆ ನೊಣ ಸತ್ತಿರುವುದೇ ಇಲ್ಲ! ನೊಣ ಮೈಮೇಲಿನ ಸಣ್ಣ ರಂಧ್ರಗಳಿಂದ ಉಸಿರಾಡುತ್ತದೆ. ಒದ್ದೆಯಾದಾಗ ನಿಶ್ಚಲವಾಗುತ್ತದೆ, ನೀರು ಹೋದರೆ ಚೇತರಿಸಿಕೊಳ್ಳುತ್ತದೆ. ಮನುಷ್ಯ ಹಾಗಲ್ಲ. ಆಮ್ಲಜನಕ ನಿಂತರೆ ನಾಲ್ಕರಿಂದ ಆರು ನಿಮಿಷಗಳಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ. ಚರ್ಮದ ಮೇಲಿನ ಉಪ್ಪು ಶ್ವಾಸಕೋಶದ ನೀರನ್ನು ಎಳೆಯಲಾರದು. ಎಳೆದರೂ ನಿಂತ ಹೃದಯ ಅದರಿಂದ ಬಡಿಯುವುದಿಲ್ಲ. ಉಪ್ಪು ಹುಡುಕುವ ಹೊತ್ತಿನಲ್ಲಿ, ಬದುಕಿಸಬಹುದಾದ ಆ ಕೆಲವೇ ನಿಮಿಷಗಳು ಕಳೆದುಹೋಗುತ್ತವೆ.

ಹೊಟ್ಟೆ ಒತ್ತುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ಕೂಡ ಬೇಡ. ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ.

ಹಾಗಾದರೆ ಏನು ಮಾಡಬೇಕು?

• ನೀರಿಗೆ ಹಾರಬೇಡಿ. ಹಗ್ಗ, ಉದ್ದನೆಯ ಕೋಲು, ದುಪಟ್ಟಾ ಅಥವಾ ಮುಚ್ಚಳ ಹಾಕಿದ ಖಾಲಿ ಪ್ಲಾಸ್ಟಿಕ್ ಕ್ಯಾನ್ ಎಸೆಯಿರಿ.
• ಒಬ್ಬರು ಕೂಡಲೇ 112 ಅಥವಾ 108ಕ್ಕೆ ಕರೆ ಮಾಡಲಿ.
• ಮೇಲೆ ತಂದ ಮೇಲೆ ಉಸಿರು ಇಲ್ಲದಿದ್ದರೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ ಬಾಯಿಯಿಂದ ಬಾಯಿಗೆ ಉಸಿರು ಕೊಡಿ. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ.
• ನಂತರ ಎದೆಯ ನಡುವೆ ಎರಡೂ ಕೈಯಿಂದ ಸುಮಾರು 5 ಸೆಂ.ಮೀ. ಆಳಕ್ಕೆ 30 ಬಾರಿ ಒತ್ತಿ, 2 ಉಸಿರು ಕೊಡಿ. ವೇಗ ನಿಮಿಷಕ್ಕೆ 100ರಿಂದ 120. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ.
• ಉಸಿರು ಬಂದರೂ ಆಸ್ಪತ್ರೆಗೆ ಹೋಗಲೇಬೇಕು. ತೊಂದರೆ ಕೆಲವು ಗಂಟೆಗಳ ನಂತರ ಹೆಚ್ಚಬಹುದು.

ಹಾಗಂತ ಮನೆಯಲ್ಲೇ ಕೂರಬೇಕಾ?

ಖಂಡಿತ ಬೇಡ. ಹೊರಡುವ ಮುನ್ನ ಹಿಡಕಲ್‌ನಿಂದ ಎಷ್ಟು ನೀರು ಬಿಟ್ಟಿದ್ದಾರೆ ನೋಡಿ. ಜಲಪಾತವನ್ನು ದಡದಿಂದಲೇ ನೋಡಿ, ಬೇಲಿ ದಾಟಬೇಡಿ. ತೂಗುಸೇತುವೆ ಮುಚ್ಚಿದ್ದರೆ ವಾದ ಮಾಡದೆ ಹಿಂತಿರುಗಿ. ಕುಡಿದವರನ್ನು ನೀರಿನ ಹತ್ತಿರ ಬಿಡಬೇಡಿ. ಚಳಿಗಾಲದಲ್ಲಾದರೆ ಧೂಪದಾಳದ ಹಿನ್ನೀರಿಗೆ ಹೋಗಿ. 1974ರಲ್ಲಿ ಘೋಷಣೆಯಾದ ಘಟಪ್ರಭಾ ಪಕ್ಷಿಧಾಮ ಅಲ್ಲೇ ಇದೆ, ದೂರದೇಶದ ಹಕ್ಕಿಗಳೂ ಬರುತ್ತವೆ. ನೀರಿಗೆ ಇಳಿಯದೆಯೇ ಇಡೀ ದಿನ ಕಳೆಯಬಹುದು.

ತೀರ್ಮಾನ: ಉಪ್ಪಿನ ಸಂದೇಶ ಸುಳ್ಳು. ಅದು ನಿಮ್ಮ ಗ್ರೂಪ್‌ಗೆ ಬಂದರೆ ಮುಂದೆ ಕಳಿಸಬೇಡಿ, ಕಳಿಸಿದವರಿಗೆ ಸಮಾಧಾನದಿಂದ ತಿಳಿಸಿ. ಶನಿವಾರ "ಹೋಗೋಣೇನ?" ಎಂದು ಕೇಳುವ ಗೆಳೆಯನಿಗೆ ಈ ಲೇಖನವನ್ನು ಮೊದಲು ಕಳಿಸಿ.